ನಮ್ಮ ಶಾಸಕರ ವರ್ತನೆ ಲೆಕ್ಕ

ನಮ್ಮ ಅಡುಗೆಮನೆ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್ ನೇತಾಡುತ್ತದೆ. ಅದರಲ್ಲಿ ಹಬ್ಬ ಹುಣ್ಣಿಮೆ ಯಾರೂ ನೋಡುವುದಿಲ್ಲ. ಅದು ಹಾಲಿನ ವರ್ತನೆ ಲೆಕ್ಕ. ಒಂದು ಲೀಟರ್ ತಗೊಂಡ ದಿನ ಒಂದು ಗೀಟು, ನೆಂಟರು ಬಂದ ದಿನ ಎರಡು, ಹಾಲಿನವನು ಬಾರದ ದಿನ ಸೊನ್ನೆ. ತಿಂಗಳ ಕೊನೆಗೆ ಅವನು ಅರ್ಧ ಲೀಟರ್ ಹೆಚ್ಚಿಗೆ ಹೇಳಿದರೂ ನನ್ನ ಹೆಂಡತಿ ಕ್ಯಾಲೆಂಡರನ್ನೇ ಕಿತ್ತು ತಂದು ತೋರಿಸುತ್ತಾಳೆ. ಪಾಪ, ತಲೆ ಕೆರೆದುಕೊಂಡು ಹೋಗುತ್ತಾನೆ.

ಹೋದ ತಿಂಗಳು ಹೀಗೇ ಅವನನ್ನು ಸಾಗಹಾಕಿ ಒಳಗೆ ಬಂದಳು. ನಾನು ಪೇಪರ್ ಹಿಡಿದುಕೊಂಡು ಶಾಸಕರನ್ನು ಬೈಯುತ್ತಾ ಕೂತಿದ್ದೆ. "ರೀ, ಸುಮ್ನೆ ಬೈದರೆ ಏನು ಬಂತು? ಅವರಿಗೂ ಒಂದು ವರ್ತನೆ ಲೆಕ್ಕ ಇಡಿ. ರಿಟೈರ್ ಆಗಿ ಮನೇಲೇ ಇದೀರಲ್ಲ" ಅಂದಳು.

ಮಾತು ಸರಿ ಅನ್ನಿಸಿತು. ಮೂವತ್ತು ವರ್ಷ ಹಾಜರಿ ಪುಸ್ತಕ ಬರೆದ ಮೇಷ್ಟ್ರು ನಾನು. 200 ಪುಟದ ನೋಟ್‌ಬುಕ್ ತಂದು ಮೂರು ಕಾಲಂ ಎಳೆದೆ. ಓಟು, ಹಾಜರಿ, ಖರ್ಚು.

ಮೊದಲನೇ ಕಾಲಂನಲ್ಲೇ ಪೆನ್ನು ನಿಂತಿತು. ನಾವು ಅವರಿಗೆ ಹಾಕಿದ ಓಟಲ್ಲ, ನಮ್ಮ ಹೆಸರಿನಲ್ಲಿ ಅವರು ವಿಧಾನಸಭೆಯಲ್ಲಿ ಹಾಕುವ ಓಟು. ಅದಕ್ಕೆ ಲೆಕ್ಕ ಸಿಗುವುದಿಲ್ಲ. ಯಾಕೆಂದರೆ ಅಲ್ಲಿ ಹೆಚ್ಚಿನ ಮಸೂದೆಗಳು ಪಾಸಾಗುವುದು ಧ್ವನಿಮತದಲ್ಲಿ. ಸಭಾಧ್ಯಕ್ಷರು ಕೇಳುತ್ತಾರೆ, ಕೆಲವರು ಹೌದು ಅನ್ನುತ್ತಾರೆ, ಕೆಲವರು ಇಲ್ಲ ಅನ್ನುತ್ತಾರೆ, ಯಾವ ಸದ್ದು ದೊಡ್ಡದೋ ಅದು ಗೆದ್ದಿತು. ಯಾರು ಏನಂದರು ಅಂತ ಹೆಸರು ಹಿಡಿದು ಬರೆದಿಡುವುದಿಲ್ಲ. ನಾನು ಕ್ಲಾಸಿನಲ್ಲಿ "ಎಲ್ಲರಿಗೂ ಅರ್ಥ ಆಯ್ತಾ?" ಅಂದರೆ ಮಕ್ಕಳು "ಆಯ್ತೂ ಸಾ..." ಅಂತ ರಾಗ ಎಳೆಯುತ್ತಿದ್ದವಲ್ಲ, ಅದೇ ಪದ್ಧತಿ. ಆ ರಾಗ ನಂಬಿಕೊಂಡು ನಾನು ಯಾರನ್ನೂ ಪಾಸು ಮಾಡಲಿಲ್ಲ. ಅಲ್ಲಿ ಮಾಡುತ್ತಾರೆ.

2025ರ ಮಾರ್ಚ್ 21 ನೆನಪಿದೆಯಾ? ಹನಿಟ್ರ್ಯಾಪ್ ವಿಷಯಕ್ಕೆ ಸದನದಲ್ಲಿ ಗಲಾಟೆ. ವಿರೋಧ ಪಕ್ಷದವರು ಕಾಗದ ಹರಿದು ಪೀಠದ ಕಡೆ ತೂರಿದರು. 18 ಶಾಸಕರು ಆರು ತಿಂಗಳಿಗೆ ಅಮಾನತಾದರು, ಮಾರ್ಷಲ್‌ಗಳು ಎತ್ತಿಕೊಂಡು ಹೋಗಿ ಹೊರಗೆ ಬಿಟ್ಟರು. ಅದೇ ದಿನ, ಗದ್ದಲದ ನಡುವೆಯೇ, ಚರ್ಚೆ ಗಿರ್ಚೆ ಏನೂ ಇಲ್ಲದೆ ಸಂಬಳದ ಮಸೂದೆಯೂ ಪಾಸಾಯಿತು. ಶಾಸಕರ ತಿಂಗಳ ಸಂಬಳ 40 ಸಾವಿರದಿಂದ 80 ಸಾವಿರ. ಮುಖ್ಯಮಂತ್ರಿಯದ್ದು 75 ಸಾವಿರದಿಂದ ಒಂದೂವರೆ ಲಕ್ಷ. ಅಷ್ಟೊಂದು ಕೂಗಾಟದಲ್ಲಿ "ಹೌದು" ಅನ್ನುವ ಸದ್ದೇ ದೊಡ್ಡದು ಅಂತ ತಿಳಿಯಿತಲ್ಲ, ಅಂಥ ಕಿವಿ ನನಗಿದ್ದಿದ್ದರೆ ಹಿಂದಿನ ಬೆಂಚಿನವರನ್ನೆಲ್ಲ ಹಿಡಿದುಬಿಡುತ್ತಿದ್ದೆ. ಎರಡೇ ತಿಂಗಳಲ್ಲಿ ಅಮಾನತು ವಾಪಸಾಯಿತು. ಸಂಬಳ ವಾಪಸ್ ಮಾಡೋಣ ಅಂತ ಯಾವ ಪಕ್ಷದವರೂ ಗಲಾಟೆ ಮಾಡಿದ್ದು ನಾನು ನೋಡಲಿಲ್ಲ.

ನೋಟ್‌ಬುಕ್ಕಿನಲ್ಲಿ ಹೀಗೆ ಬರೆದುಕೊಂಡೆ: "ಮಾರ್ಚ್ 21. ನಮ್ಮ ಶಾಸಕರು ಸದ್ದು ಮಾಡಿರಬಹುದು. ಯಾವ ಸದ್ದು, ತಿಳಿಯದು."

ತಲೆ ಎಣಿಸಿದ್ದೇ ಇಲ್ಲ ಅಂತಲ್ಲ. 2019ರ ಜುಲೈ 23ರಂದು ಕುಮಾರಸ್ವಾಮಿಯವರ ವಿಶ್ವಾಸಮತ ಬಂತು. ಪರ 99, ವಿರುದ್ಧ 105. ಒಂದು ತಲೆಯೂ ಲೆಕ್ಕ ತಪ್ಪಲಿಲ್ಲ. ತಪ್ಪುವುದಾದರೂ ಹೇಗೆ? ಅದಕ್ಕೂ ಮೊದಲು ರೆಸಾರ್ಟು, ಹೋಟೆಲುಗಳಲ್ಲಿ ದಿನಾ ಎಣಿಕೆ ನಡೆದಿತ್ತು. ಕುರಿ ಕಾಯುವವನು ಸಂಜೆ ದೊಡ್ಡಿ ಬಾಗಿಲಲ್ಲಿ ನಿಂತು ಎಣಿಸುತ್ತಾನಲ್ಲ, ಹಾಗೆ. ಕುರ್ಚಿಯ ಪ್ರಶ್ನೆ ಬಂದರೆ ತಲೆ ಎಣಿಕೆ, ಉಳಿದದ್ದಕ್ಕೆಲ್ಲ ಗಂಟಲು ಸಾಕು.

ನಮ್ಮ ವಾಕಿಂಗ್ ಗೆಳೆಯರೊಬ್ಬರು ಇದನ್ನು ಕೇಳಿ ನಕ್ಕರು. "ಅಲ್ಲ ಮೇಷ್ಟ್ರೇ, 1985ರಲ್ಲೇ ಪಕ್ಷಾಂತರ ನಿಷೇಧ ಬಂತು. ಹೀಗೇ ಓಟು ಹಾಕಿ ಅಂತ ಪಕ್ಷ ವಿಪ್ ಕೊಟ್ಟ ಮೇಲೆ ಅವರು ಬೇರೆ ಓಟು ಹಾಕಿದರೆ ಸೀಟೇ ಹೋಗುತ್ತೆ. ಅದು ಓಟಲ್ಲ, ಉಕ್ತಲೇಖನ. ಹೇಳಿದ್ದನ್ನು ತಪ್ಪಿಲ್ಲದೆ ಬರೆದರೆ ಸಾಕು."

ಸರಿ, ಓಟು ಹಾಳಾಗಲಿ, ಹಾಜರಿ ನೋಡೋಣ ಅಂದುಕೊಂಡೆ. ಇದು ನನ್ನ ಸ್ವಂತ ವಿಷಯ. ಇಲ್ಲಿ ಒಂದು ಒಳ್ಳೆ ಸುದ್ದಿಯೂ ಇತ್ತು. 2024ರ ಜುಲೈ ಅಧಿವೇಶನದಲ್ಲಿ ಕೃತಕ ಬುದ್ಧಿಮತ್ತೆಯ ಕ್ಯಾಮೆರಾ ಹಾಕಿಸಿದರು. ಯಾವ ಶಾಸಕರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು, ಎಲ್ಲ ಅದೇ ಬರೆದುಕೊಳ್ಳುತ್ತದೆ. ಭಲೇ ಅಂದುಕೊಂಡೆ. ವರ್ಷ ತುಂಬುವ ಮೊದಲೇ, 2025ರ ಫೆಬ್ರವರಿಯಲ್ಲಿ ಇನ್ನೊಂದು ಸುದ್ದಿ. ಶಾಸಕರಿಗಾಗಿ 15 ಒರಗು ಕುರ್ಚಿಗಳನ್ನು ಬಾಡಿಗೆಗೆ ತರಿಸುತ್ತಾರಂತೆ. ಮಧ್ಯಾಹ್ನ ಊಟ ಮಾಡಿ ಹೋದವರು ವಾಪಸ್ ಬರುತ್ತಿಲ್ಲವಂತೆ. ಅಲ್ಲೇ ಮೊಗಸಾಲೆಯಲ್ಲಿ ಒಂದು ಕೋಳಿನಿದ್ದೆ ತೆಗೆದು ಸದನಕ್ಕೆ ಬರಲಿ ಅಂತ.

ಇದನ್ನು ನಾನು ಎರಡು ಸಲ ಓದಿದೆ. ನಮ್ಮ ಶಾಲೆಗೆ ಬಿಸಿಯೂಟ ಬಂದ ಮೇಲೆ ಮಕ್ಕಳು ಶಾಲೆಯಲ್ಲಿ ನಿಂತವು. ಇಲ್ಲಿ ಊಟ ಆದ ಮೇಲೆ ಕಾಣೆಯಾಗುತ್ತಿದ್ದಾರೆ. ಅದೂ ಇರಲಿ, 224 ಶಾಸಕರಿಗೆ 15 ಕುರ್ಚಿ ಅಂದರೆ ಹೇಗೆ ಹಂಚುವುದು? ಪಕ್ಷದ ಬಲಾಬಲ ನೋಡಿಯೋ, ಜಿಲ್ಲಾವಾರೋ? ನಿದ್ದೆಯಲ್ಲೂ ಉತ್ತರ ಕರ್ನಾಟಕಕ್ಕೆ ಅನ್ಯಾಯ ಆಯಿತು ಅಂತ ಯಾರಾದರೂ ಎದ್ದು ನಿಂತರೆ?

ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಶೇಕಡಾ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆ ಇಲ್ಲ. ಎಷ್ಟು ಮಕ್ಕಳ ಅಪ್ಪಂದಿರು ನನ್ನ ಮುಂದೆ ಕೈಮುಗಿದು ನಿಂತಿದ್ದರೋ. ಶಾಸಕರ ಶೇಕಡಾ ಹಾಕೋಣ ಅಂದರೆ ಇನ್ನೊಂದು ತೊಡಕು. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕು ಅಂತ 2005ರಲ್ಲಿ ಅವರೇ ಕಾನೂನು ಮಾಡಿಕೊಂಡಿದ್ದಾರೆ. ಆ 60 ತುಂಬುವುದೇ ಅಪರೂಪ. ಶಾಲೆಯೇ ಬಾಗಿಲು ತೆರೆಯದ ದಿನ ಹುಡುಗನಿಗೆ ಗೈರುಹಾಜರಿ ಹಾಕುವುದು ಯಾವ ನ್ಯಾಯ?

ಒಳಗೆ ಕೂತವರು ಏನು ಮಾಡುತ್ತಿದ್ದಾರೆ ಅಂತ ನಾಡಿಗೆಲ್ಲ ತಿಳಿದದ್ದು 2012ರ ಫೆಬ್ರವರಿಯಲ್ಲಿ. ಕಲಾಪದ ನಡುವೆ ಮೊಬೈಲಿನಲ್ಲಿ ನೋಡಬಾರದ್ದನ್ನು ನೋಡುತ್ತಿದ್ದರು ಅಂತ ಟಿವಿ ಕ್ಯಾಮೆರಾ ಹಿಡಿಯಿತು, ಮೂವರು ಮಂತ್ರಿಗಳು ರಾಜೀನಾಮೆ ಕೊಟ್ಟರು. 2019ರ ಅಕ್ಟೋಬರ್‌ನಿಂದ ಖಾಸಗಿ ಚಾನೆಲ್ಲುಗಳ ಕ್ಯಾಮೆರಾಕ್ಕೆ ವಿಧಾನಸಭೆಯೊಳಗೆ ಪ್ರವೇಶ ಇಲ್ಲವೆಂದಾಯಿತು. ಈಗ ಬಂದೋರು ಹೋದೋರನ್ನು ನೋಡುವ ಕ್ಯಾಮೆರಾ ಇದೆ.

ಖರ್ಚಿನ ಕಾಲಂ ಮಾತ್ರ ಚೆನ್ನಾಗಿ ತುಂಬಿತು. ವಿಧಾನಸಭೆ ಅಭ್ಯರ್ಥಿ ಚುನಾವಣೆಗೆ 40 ಲಕ್ಷ ರೂಪಾಯಿ ಮೀರುವಂತಿಲ್ಲ. ಟೀಗೆ ಎಷ್ಟು, ತಿಂಡಿಗೆ ಎಷ್ಟು, ಕುರ್ಚಿ ಬಾಡಿಗೆ ಎಷ್ಟು, ಶಾಮಿಯಾನಕ್ಕೆ ಎಷ್ಟು ಅಂತ ಜಿಲ್ಲೆಯಲ್ಲಿ ದರಪಟ್ಟಿಯೇ ಹೊರಡುತ್ತದೆ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಒಪ್ಪಿಸಬೇಕು. ಓದಿದರೆ ಕಣ್ಣಲ್ಲಿ ನೀರು ಬರುತ್ತದೆ. ನಮ್ಮ ಊರಿನ ಸಾಧಾರಣ ಮದುವೆಗಿಂತ ಮಿತವ್ಯಯ. ಇತ್ತ 2023ರ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಹಿಡಿದ ನಗದು, ಹೆಂಡ, ಚಿನ್ನ, ಉಡುಗೊರೆ ಎಲ್ಲ ಸೇರಿ 375 ಕೋಟಿ ರೂಪಾಯಿ ದಾಟಿತ್ತು ಅಂತ ಆಯೋಗವೇ ಹೇಳಿದೆ. ಹಿಡಿದದ್ದು ಅಷ್ಟು. ಹಿಡಿಯದ್ದು ಕುಕ್ಕರ್ ಆಗಿ ಎಷ್ಟೋ ಮನೆಗಳಲ್ಲಿ ಸೀಟಿ ಹೊಡೆಯುತ್ತಿದೆ.

ಗೆದ್ದ ಮೇಲೆ ಕ್ಷೇತ್ರಾಭಿವೃದ್ಧಿಗೆ ಅಂತ ವರ್ಷಕ್ಕೆ 2 ಕೋಟಿ. ನಮ್ಮ ಬಡಾವಣೆಯಲ್ಲಿ ಅದರಲ್ಲಿ ಒಂದು ಬಸ್ ತಂಗುದಾಣ ಆಗಿದೆ. ಶಾಸಕರ ಹೆಸರು ಎಷ್ಟು ದೊಡ್ಡದು ಅಂದರೆ ಊರಿನ ಹೆಸರಿಗೆ ಜಾಗ ಸಾಲದೆ ಕಂಬದ ಮೇಲೆ ಬರೆದಿದ್ದಾರೆ. ಹೊಸಬರು ಬಸ್ಸಿನಿಂದ ಇಣುಕಿ ಅವರ ಹೆಸರೇ ಊರಿನ ಹೆಸರು ಅಂದುಕೊಳ್ಳುತ್ತಾರೆ. ಇದಕ್ಕೆ ಎಷ್ಟಾಯಿತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಒಂದೇ ವಿಷಯ, 150 ಪದದೊಳಗೆ ಇರಬೇಕು. ಹಸುವಿನ ಮೇಲೆ ಪ್ರಬಂಧ ಬರೆಸಿದ ಅನುಭವ ಕೈ ಹಿಡಿಯಿತು. ಉತ್ತರ ಬಂತು: "ತಮ್ಮ ಅರ್ಜಿಯನ್ನು ಸಂಬಂಧಪಟ್ಟ ಕಚೇರಿಗೆ ವರ್ಗಾಯಿಸಲಾಗಿದೆ." ಆ ಸಂಬಂಧಪಟ್ಟ ಕಚೇರಿ ಯಾವ ಬೀದಿಯಲ್ಲಿದೆಯೋ, ಇನ್ನೂ ಸಿಕ್ಕಿಲ್ಲ.

ಬೇಸರ ಆಗಿ ಟೀ ಅಂಗಡಿಗೆ ಹೋಗಿ ಕೂತೆ. "ನಮ್ಮ ಶಾಸಕರು ಹೇಗಪ್ಪಾ?" ಅಂದೆ. ಅಲ್ಲಿ ನೋಡಿ, ಲೆಕ್ಕ ಅಂದರೆ ಅದು! ಯಾರ ಮನೆ ಗೃಹಪ್ರವೇಶಕ್ಕೆ ಬಂದರು, ಯಾರ ತಿಥಿ ತಪ್ಪಿಸಿಕೊಂಡರು, ಯಾವ ಮದುವೆಗೆ ಎಷ್ಟು ಮುಯ್ಯಿ ಕೊಟ್ಟರು, ಮೇಲಿನ ಬೀದಿ ಮದುವೆಯಲ್ಲಿ ಊಟಕ್ಕೆ ಕೂತರು, ಕೆಳಗಿನ ಬೀದಿಯಲ್ಲಿ ಬರೀ ಅಕ್ಷತೆ ಹಾಕಿ ಹೊರಟರು. ತಾರೀಖಿನ ಸಮೇತ. ಒಬ್ಬ ಮನೆಗೆ ಓಡಿ ಮುಯ್ಯಿ ಪುಸ್ತಕವನ್ನೇ ತಂದ. "ನೋಡಿ ಸಾರ್, 1001. ಅವರ ಎದುರಾಳಿ 2001 ಕೊಟ್ಟಿದ್ರು. ಮುಂದಿನ ಸಲ ಯೋಚನೆ ಮಾಡ್ಬೇಕು." ಸಂಬಳದ ಮಸೂದೆ ಬಗ್ಗೆ ಕೇಳಿದೆ. "ಅದೆಲ್ಲ ಬೆಂಗಳೂರಿನ ವಿಷಯ ಅಲ್ವಾ ಸಾರ್" ಅಂದರು.

ಮರುವಾರ ಒಂದು ಮದುವೆಯಲ್ಲಿ ಶಾಸಕರೇ ಎದುರಾದರು. ನಾಲ್ಕು ನಿಮಿಷ ಇದ್ದರು. "ಏನ್ ಮೇಷ್ಟ್ರೇ, ಮಂಡಿನೋವು ಹೇಗಿದೆ?" ಅಂದರು. ಮಂಡಿನೋವು ಇದೆ ಅಂತ ಇವರಿಗೆ ಹೇಳಿದವರು ಯಾರು?

ಹೇಳಿದವನು ಕಲ್ಯಾಣ ಮಂಟಪದ ಹೊರಗೇ ನಿಂತಿದ್ದ. ನನ್ನ ಹಳೇ ಶಿಷ್ಯ, ಉಕ್ತಲೇಖನದಲ್ಲಿ ಒಂದು ತಪ್ಪೂ ಮಾಡದವನು. ಈಗ ಶಾಸಕರ ಹುಡುಗರಲ್ಲಿ ಒಬ್ಬ. ಕೈಯಲ್ಲಿ ನಮ್ಮ ಬೂತಿನ ಮತದಾರರ ಪಟ್ಟಿ. ಒಂದೊಂದು ಹೆಸರಿನ ಪಕ್ಕವೂ ಪೆನ್ಸಿಲ್ ಗುರುತು. ಯಾರ ಮಗ ಬೆಂಗಳೂರಿನಲ್ಲಿದ್ದಾನೆ, ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಸಾಲ ಬೇಕು, ಎಲ್ಲ ಇತ್ತು. ನನ್ನ ಮಾನ ಮುಚ್ಚಿಕೊಳ್ಳಲು ನನ್ನ ನೋಟ್‌ಬುಕ್ಕನ್ನು ಚೀಲದೊಳಗೇ ಬಿಟ್ಟೆ.

ಪುಟ ತಿರುಗಿಸಿ ನಮ್ಮ ಮನೆ ತೋರಿಸಿದ. ನಾನು, ಹೆಂಡತಿ, ಮಗ, ಸೊಸೆ. ಮೂರು ಹೆಸರಿಗೆ ಸರಿ ಗುರುತು. ಒಂದಕ್ಕೆ ಪ್ರಶ್ನಾರ್ಥಕ. ಸರಕ್ಕನೆ ಆ ಹೆಸರಿನ ಮೇಲೆ ಹೆಬ್ಬೆರಳು ಇಟ್ಟುಬಿಟ್ಟ.

"ಯಾರದ್ದೋ ಅದು?" ಅಂದೆ.

"ಬೇಡ ಸಾರ್" ಅಂತ ನಕ್ಕ. "ಗುಪ್ತ ಮತದಾನ ಅಲ್ವಾ?"

ಮನೆಗೆ ಬಂದಾಗ ಹೆಂಡತಿ ಅಡುಗೆಮನೆ ಬಾಗಿಲ ಹಿಂದೆ ಆವತ್ತಿನ ಹಾಲಿನ ಗೀಟು ಎಳೆಯುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿ, "ಆ ಅನುಮಾನದ ಓಟು ಯಾರದ್ದಿರಬಹುದೇ?" ಅಂದೆ. ಅವಳು ತಿರುಗಲಿಲ್ಲ. ಗೀಟು ಮಾತ್ರ ಸ್ವಲ್ಪ ಉದ್ದವಾಗಿ ಮರುದಿನದ ಮನೆಗೆ ಹೋಯಿತು.