ಸತ್ಯಾಂಶ: ಡಿಜಿಯಾತ್ರಾ ಇಲ್ಲದೆಯೂ ವಿಮಾನ ಹತ್ತಬಹುದು

‘ಮೊಬೈಲಿನಲ್ಲಿ ಡಿಜಿಯಾತ್ರಾ ಆ್ಯಪ್ ಇಲ್ಲದವರಿಗೆ ವಿಮಾನ ನಿಲ್ದಾಣದೊಳಗೆ ಪ್ರವೇಶವಿಲ್ಲ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದನ್ನು ನಂಬಿ ಹಿರಿಯರು ಪ್ರಯಾಣಕ್ಕೇ ಹಿಂಜರಿಯುವುದು ಬೇಸರದ ಸಂಗತಿ. 2022ರ ಡಿಸೆಂಬರ್ 1ರಂದು ಬೆಂಗಳೂರು, ದೆಹಲಿ, ವಾರಾಣಸಿಗಳಲ್ಲಿ ಆರಂಭವಾದ ಈ ಮುಖ ಗುರುತಿಸುವ ವ್ಯವಸ್ಥೆ ಐಚ್ಛಿಕ, ಕಡ್ಡಾಯವಲ್ಲ. ಟಿಕೆಟ್ ಜೊತೆ ಆಧಾರ್‌ನಂತಹ ಗುರುತಿನ ಚೀಟಿ ತೋರಿಸಿದರೆ ಬಾಗಿಲಲ್ಲಿರುವ ಭದ್ರತಾ ಸಿಬ್ಬಂದಿ ಒಳಗೆ ಬಿಡುತ್ತಾರೆ.

ಬೋರ್ಡಿಂಗ್ ಪಾಸ್ ಕಾಗದದಲ್ಲಿರಲಿ, ಫೋನಿನ ಪರದೆಯಲ್ಲಿರಲಿ, ಯಂತ್ರ ಓದುವುದು ಬಾರ್‌ಕೋಡನ್ನು. ಪರದೆ ಬಿರುಕು ಬಿಟ್ಟಿದ್ದರೆ ಅಥವಾ ಮಂಕಾಗಿದ್ದರೆ ಅದು ತಡವರಿಸುತ್ತದೆ. ಸರದಿ ಬರುವ ಮೊದಲೇ ಬೆಳಕು ಹೆಚ್ಚಿಸಿಕೊಳ್ಳಿ. ಚಾರ್ಜ್ ಮುಗಿದರೆ ಗಾಬರಿ ಬೇಡ, ಕೌಂಟರ್ ಮುಚ್ಚುವ ಮೊದಲು ಮುದ್ರಿತ ಪಾಸ್ ಕೇಳಿ. ಅದಕ್ಕೆ ಹೆಚ್ಚುವರಿ ಶುಲ್ಕ ವಿಧಿಸುವಂತಿಲ್ಲ ಎಂದು ನಾಗರಿಕ ವಿಮಾನಯಾನ ಸಚಿವಾಲಯ 2022ರ ಜುಲೈನಲ್ಲೇ ಸ್ಪಷ್ಟಪಡಿಸಿದೆ.