ನೆಕ್ಸ್ಟ್ ಒತ್ರಿ ಸಾವ್ಕಾರ್ರ!

ಗಂಗಾವತಿಯ ಅಕ್ಕಿ ಗಿರಣಿಗೆ ಹೊಸ ಬಿಲ್ಲಿಂಗ್ ಸಾಫ್ಟ್‌ವೇರ್ ಬಂತು. 'ನಾಲ್ಕೇ ಹೆಜ್ಜೆ, ಯಾರ ಸಹಾಯವೂ ಬೇಡ' ಎಂದು ಜಾಹೀರಾತು. ಒಂದೊಂದೇ ಪ್ರಶ್ನೆ ಕೇಳುತ್ತ ಹೆಜ್ಜೆ ಹಾಕಿಸುವ ಮಹಾನುಭಾವನ ಹೆಸರು ಸೆಟಪ್ ವಿಝಾರ್ಡ್, ಅಂದರೆ ಮಾಂತ್ರಿಕ. ವಾಮನ ಕೇಳಿದ್ದು ಮೂರೇ ಹೆಜ್ಜೆ. ಬಲಿಯ ಗತಿ ಏನಾಯಿತೆಂದು ಎಲ್ಲರಿಗೂ ಗೊತ್ತು.

"ಸಾವ್ಕಾರ್ರ, ನಮ್ಮ ಗಿರಣಿ ಯಾವ ದೇಶದಾಗ ಐತಿ ಅಂತ ಕೇಳಾಕತ್ತೈತ್ರಿ," ಅಂದ ಗುಮಾಸ್ತ. ಪಟ್ಟಿ ಅಫ್ಘಾನಿಸ್ತಾನದಿಂದ ಶುರುವಾಗಿತ್ತು.

"ನಿನ್ನೆ ರೊಕ್ಕ ತಗೊಂಡು ರಸೀದಿ ಕೊಟ್ಟಾರಲ್ಲೋ, ಅವರಿಗೆ ಗೊತ್ತಿಲ್ಲೇನು?"

ಆಮೇಲೆ ರಾಜ್ಯ. ಆಮೇಲೆ ಪ್ಯಾನ್. ಇವೆಲ್ಲ ಮುಗಿದ ಮೇಲೆ ಜಿಎಸ್‌ಟಿ ನಂಬರ್. ಈ ನಂಬರಿನ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಕೋಡ್, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್. ಅಂದರೆ ಇದೊಂದನ್ನೇ ಮೊದಲು ಕೇಳಿದ್ದರೆ ಹಿಂದಿನ ಮೂರೂ ಪ್ರಶ್ನೆ ಬೇಕಿರಲಿಲ್ಲ. ಕೊನೆಯ ಅಕ್ಷರ ಇರುವುದೇ ನಂಬರ್ ಸರಿಯೋ ತಪ್ಪೋ ತಾಳೆ ನೋಡಲು. ಅಷ್ಟನ್ನು ಮಾತ್ರ ವಿಝಾರ್ಡ್ ಚೆನ್ನಾಗಿ ಕಲಿತಿದೆ: ಒಂದು ಅಂಕಿ ಆಚೀಚೆಯಾದರೆ ಕೆಂಪು ಅಕ್ಷರದಲ್ಲಿ ಗದರುತ್ತದೆ. 'ಬ್ಯಾಕ್' ಒತ್ತಿದರೆ ತುಂಬಿದ್ದೆಲ್ಲ ಮಾಯ. ಮಾಂತ್ರಿಕ ಅಂತ ಸುಮ್ಮನೆ ಹೆಸರಿಟ್ಟಿಲ್ಲ.

ಇದರ ಗುಟ್ಟು ದೊಡ್ಡದೇನಲ್ಲ. ಒಳಗಿನ ಡೇಟಾಬೇಸ್‌ನಲ್ಲಿ ಎಷ್ಟು ಕಾಲಂ ಇವೆಯೋ ಅಷ್ಟು ಪ್ರಶ್ನೆ ಬರೆದು, ಹೋಳು ಮಾಡಿ, ನಡುನಡುವೆ 'ನೆಕ್ಸ್ಟ್' ಗುಂಡಿ ಇಟ್ಟರೆ ಅದೇ ಬಳಕೆದಾರ ಸ್ನೇಹಿ. ಗಿರಣಿಯೊಳಗೆ ಕಾಲಿಟ್ಟು ನೋಡುವ ಕಷ್ಟ ಯಾರಿಗೆ ಬೇಕು? ನೋಡಿದ್ದರೆ ಅಳತೆಯ ಪಟ್ಟಿಯಲ್ಲಿ ಔನ್ಸ್, ಗ್ಯಾಲನ್ ಇಟ್ಟು 'ಚೀಲ' ಮರೆಯುತ್ತಿರಲಿಲ್ಲ. ಈ ಭಾಗದಲ್ಲಿ ಭತ್ತದ ಮಾತುಕತೆಯೆಲ್ಲ 75 ಕೆ.ಜಿ. ಚೀಲದ ಲೆಕ್ಕದಲ್ಲಿ. ಆರ್ಥಿಕ ವರ್ಷ ಜನವರಿಯಿಂದ ಎಂದು ತಾನೇ ತೀರ್ಮಾನಿಸಿತ್ತು, ಪಾಪ. ಏಪ್ರಿಲ್ ಇರುವ ಸುದ್ದಿ ಅದಕ್ಕಿನ್ನೂ ಮುಟ್ಟಿಲ್ಲ.

ನಿಜವಾಗಿ ಕೈ ಹಿಡಿಯಬೇಕಾದ ಜಾಗ ಒಂದಿತ್ತು. 2022ರ ಜುಲೈ 18ರಿಂದ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ 25 ಕೆ.ಜಿ.ವರೆಗೆ ಇದ್ದರೆ ಶೇ. 5 ಜಿಎಸ್‌ಟಿ, ಅದಕ್ಕಿಂತ ಹೆಚ್ಚಿದ್ದರೆ ಇಲ್ಲ. 26 ಕೆ.ಜಿ. ಪ್ಯಾಕೆಟ್ ಹುಟ್ಟಿದ್ದೇ ಹೀಗೆ. ಯಾವ ಚೀಲಕ್ಕೆ ತೆರಿಗೆ, ಯಾವುದಕ್ಕಿಲ್ಲ ಎಂದು ಗುಮಾಸ್ತ ತಲೆ ಕೆರೆದುಕೊಳ್ಳುವುದು ಇಲ್ಲೇ. ವಿಝಾರ್ಡ್ ಏನೆಂದಿತು? 'ಸೂಕ್ತ ತೆರಿಗೆ ದರವನ್ನು ಆರಿಸಿ.' ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ವಿವರಣೆ: 'ಇಲ್ಲಿ ಸೂಕ್ತ ತೆರಿಗೆ ದರವನ್ನು ಆರಿಸಬೇಕು.'

ನಾಲ್ಕನೇ ಹೆಜ್ಜೆಯ ಹೊಟ್ಟೆಯೊಳಗೆ ಇನ್ನೂ ಏಳು ಮರಿಹೆಜ್ಜೆ. ಹೊರಗೆ ಲೋಡಾದ ಲಾರಿ ಬಿಲ್ಲಿಗಾಗಿ ಕಾಯುತ್ತಿತ್ತು.

"ಇನ್ನಾ ಎಷ್ಟೊತ್ತೋ?"

"ತೊಂಬತ್ತು ಪರ್ಸೆಂಟ್ ಆಗೈತ್ರಿ. ಮುಂಜಾನೀನೂ ಅಷ್ಟಾ ಇತ್ರಿ."

ಕೊನೆಗೆ ಪರದೆಯ ಮೇಲೆ ಬಣ್ಣದ ಕಾಗದ ಉದುರಿದವು. 'ಅಭಿನಂದನೆಗಳು! ಬಿಲ್ ಮಾಡಲು ನಮ್ಮ ಪ್ರತಿನಿಧಿಗೆ ಕರೆ ಮಾಡಿ.' ಕೆಳಗೆ ಇನ್ನೊಂದು ಸಾಲು: 'ಸೆಟಪ್ ಎಷ್ಟು ಸುಲಭವಾಗಿತ್ತು? ನಕ್ಷತ್ರ ಕೊಡಿ.' ಇಡೀ ವಿಝಾರ್ಡ್‌ನಲ್ಲಿ ಗುಮಾಸ್ತ ಕೈಯಿಂದ ತುಂಬಬೇಕಿಲ್ಲದ ಉತ್ತರ ಅದೊಂದೇ. ಐದಕ್ಕೆ ಐದು, ಮೊದಲೇ ಹೊಳೆಯುತ್ತಿದ್ದವು.