ಹಾರೋದಿಲ್ಲ ಅಂದವನಿಗೆ ಬಾಗಿಲಿಲ್ಲ

ಸೂರ್ಯ ಮುಳುಗಿದ್ದು ಗೊತ್ತಾಗದೆ ಕಮಲದೊಳಗೆ ಸಿಕ್ಕಿಕೊಂಡ ದುಂಬಿಯ ಕತೆಯನ್ನು ಸಂಸ್ಕೃತ ಮೇಷ್ಟ್ರುಗಳು ಹೇಳುತ್ತಿದ್ದರು. ಬೆಳಗಾಗಲಿ, ದಳ ಬಿಚ್ಚಲಿ, ಹೊರಗೆ ಹೋದರಾಯಿತು ಎಂದು ದುಂಬಿ ಒಳಗೆ ಕೂತು ಯೋಚಿಸುತ್ತಿರುವಾಗ ಆನೆ ಬಂದು ಕಮಲವನ್ನೇ ಕಿತ್ತು ಹಾಕಿತಂತೆ. ಶಿವಮೊಗ್ಗದ ಸೋಗಾನೆಯಲ್ಲಿ ಸರ್ಕಾರ ಸುಮಾರು 450 ಕೋಟಿ ರೂಪಾಯಿ ಸುರಿದು ಕಮಲದ ಆಕಾರದಲ್ಲೇ ವಿಮಾನ ನಿಲ್ದಾಣ ಕಟ್ಟಿಸುವಾಗ ಈ ಕತೆ ಯಾರಿಗೂ ನೆನಪಾಗಲಿಲ್ಲ. ಕಮಲ ಯಾವ ಪಕ್ಷದ್ದು ಎಂಬ ಜಗಳವೇನೋ ಜೋರಾಗಿಯೇ ನಡೆಯಿತು. ದುಂಬಿಯ ಗತಿಯೇನು ಅಂತ ವಿರೋಧ ಪಕ್ಷದವರೂ ಕೇಳಲಿಲ್ಲ. ಆನೆಗಂತೂ ಕೊರತೆಯಿಲ್ಲ, ಸಕ್ರೆಬೈಲಿನ ಆನೆ ಬಿಡಾರ ಹತ್ತಿರದಲ್ಲೇ ಇದೆ.

ದುಂಬಿ ಯಾರು ಅಂತ ಹೇಳಿಬಿಡುತ್ತೇನೆ. ವಿಮಾನಕ್ಕೆಂದು ಒಳಗೆ ಹೋಗಿ, ಆಮೇಲೆ 'ನಾನು ಹೋಗೋದಿಲ್ಲ' ಎಂದು ತೀರ್ಮಾನಿಸಿದ ಮನುಷ್ಯ. ಇದು ಸೋಗಾನೆಯೊಂದರ ವಿಷಯವಲ್ಲ, ದೇಶದ ಯಾವ ನಿಲ್ದಾಣಕ್ಕೆ ಹೋದರೂ ಇವನಷ್ಟು ದಿಕ್ಕಿಲ್ಲದ ಪ್ರಾಣಿ ಇನ್ನೊಂದಿಲ್ಲ. ಬರುವವರಿಗೆ ಒಂದು ಬಾಗಿಲಿದೆ, ಹೋಗುವವರಿಗೆ ಒಂದು ಬಾಗಿಲಿದೆ. ಹೋಗಲೆಂದು ಬಂದು, ಹೋಗದೆ, ಹೋಗುವವನಿಗೆ ಯಾವ ಬಾಗಿಲು ಅಂತ ನಕ್ಷೆ ಬರೆದ ಎಂಜಿನಿಯರಿಗೆ ಹೊಳೆದೇ ಇಲ್ಲ. ಆ ಲೆಕ್ಕದಲ್ಲಿ ಸೋಗಾನೆಯ ನಿಲ್ದಾಣದ ಸುವರ್ಣಯುಗ ಅಂದರೆ ಅದರ ಮೊದಲ ಆರು ತಿಂಗಳು. ಉದ್ಘಾಟನೆಯಾದದ್ದು 2023ರ ಫೆಬ್ರವರಿ 27ಕ್ಕೆ, ಪ್ರಯಾಣಿಕರ ಮೊದಲ ವಿಮಾನ ಬಂದದ್ದು ಆಗಸ್ಟ್ 31ಕ್ಕೆ. ನಡುವೆ ನಿಲ್ದಾಣವಿತ್ತು, ವಿಮಾನವಿರಲಿಲ್ಲ. ಒಬ್ಬನೇ ಒಬ್ಬ ಪ್ರಯಾಣಿಕನೂ ಒಳಗೆ ಸಿಕ್ಕಿಬೀಳಲಿಲ್ಲ.

ತೀರ್ಥಹಳ್ಳಿ ಕಡೆಯ ಒಬ್ಬ ಅಡಿಕೆ ಬೆಳೆಗಾರರು, ರಾಯರು ಎಂದಿಟ್ಟುಕೊಳ್ಳಿ. ಬೆಂಗಳೂರಿನಲ್ಲಿರುವ ಮಗಳು, 'ಈ ವಯಸ್ಸಲ್ಲಿ ಬಸ್ಸಲ್ಲಿ ಬರೋದು ಬೇಡ ಅಪ್ಪಯ್ಯ' ಎಂದು ಟಿಕೆಟ್ ತೆಗೆದು ವಾಟ್ಸಾಪಿಗೆ ಕಳಿಸಿದ್ದಾಳೆ. ದೊಡ್ಡ ಬ್ಯಾಗಿನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿ, ಅದರ ಮುಚ್ಚಳಕ್ಕೆ ಪ್ಲಾಸ್ಟಿಕ್ ಕವರು, ಕವರಿಗೆ ರಬ್ಬರ್ ಬ್ಯಾಂಡು, ಬ್ಯಾಂಡಿನ ಮೇಲೆ ನಂಬಿಕೆ ಸಾಲದೆ ಹಳೇ ಪಂಚೆಯ ತುಂಡು. ಜೊತೆಗೆ ಹಲಸಿನ ಹಪ್ಪಳ, ಜೋನಿಬೆಲ್ಲ. ಆ ಬ್ಯಾಗು ಕೌಂಟರಿನಲ್ಲಿ ಒಳಗೆ ಹೋಯಿತು. ತಪಾಸಣೆಯಲ್ಲಿ ಎಲೆ ಅಡಿಕೆ ಸಂಚಿ ಬಿಚ್ಚಿಸಿ, ಅಜ್ಜನ ಕಾಲದ ಅಡಕತ್ತರಿಯನ್ನು ಆಯುಧವೆಂದು ತೀರ್ಮಾನಿಸಿ ಡಬ್ಬಕ್ಕೆ ಹಾಕಿದರು. ಬೋರ್ಡಿಂಗ್ ಪಾಸಿಗೆ ಠಸ್ಸೆ ಬಿತ್ತು. ಇನ್ನು ಇವರು ಸಂಪೂರ್ಣ ಸುರಕ್ಷಿತ ವ್ಯಕ್ತಿ. ಇವರಿಂದ ಯಾರಿಗೂ ಅಪಾಯವಿಲ್ಲ ಎಂದು ಭಾರತ ಸರ್ಕಾರವೇ ಒಪ್ಪಿಕೊಂಡಿದೆ.

ಆದರೆ ಅದು ಡಿಸೆಂಬರ್. ಹೊರಗೆ ಮಂಜು. ರನ್‌ವೇ 3200 ಮೀಟರ್ ಇದೆ, ರಾಜ್ಯದಲ್ಲಿ ಬೆಂಗಳೂರು ಬಿಟ್ಟರೆ ಇದೇ ಉದ್ದ ಅಂತ ನಾವು ಮದುವೆ ಮನೆಗಳಲ್ಲಿ ಹೇಳಿಕೊಂಡು ತಿರುಗಿದ್ದೇವೆ. ಉದ್ದವೇನೋ ಸರಿ, ಮೇಲಿಂದ ಕಾಣಬೇಕಲ್ಲ! ಒಂದು ಗಂಟೆ ತಡ ಅಂದರು. ಆಮೇಲೆ ಇನ್ನೊಂದು ಗಂಟೆ. ಎರಡು ಗಂಟೆ ದಾಟಿದ್ದರಿಂದ ನಿಯಮದ ಪ್ರಕಾರ ಒಂದು ಸ್ಯಾಂಡ್‌ವಿಚ್ ಬಂತು. ರಾಯರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಹೊಟ್ಟೆಯ ಬದಲು ತಲೆಗೆ ಕೆಲಸ ಕೊಟ್ಟರು. ಬೆಳಗ್ಗೆಯೇ ಬಸ್ಸು ಹತ್ತಿದ್ದರೆ ಇಷ್ಟು ಹೊತ್ತಿಗೆ ತಿಪಟೂರಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಈಗ ಹೊರಟರೂ ರಾತ್ರಿ ಊಟಕ್ಕೆ ಮಗಳ ಮನೆ. ಎದ್ದರು. ಬಂದ ಬಾಗಿಲಿಗೇ ಹೋದರು.

"ಸಾರ್, ಇಲ್ಲಿಂದ ಹೋಗೋ ಹಾಗಿಲ್ಲ."

"ಒಳಗೆ ಬಂದಿದ್ದು ಇಲ್ಲಿಂದ್ಲೇ ಅಲ್ವನಾ ಮಾರಾಯಾ?"

"ಇದು ಬರೋದಕ್ಕೆ ಸಾರ್. ಹೋಗೋದಕ್ಕಲ್ಲ."

"ಹಾಗಾದ್ರೆ ಹೋಗೋದು ಎಲ್ಲಿಂದ?"

"ವಿಮಾನದಲ್ಲಿ."

"ವಿಮಾನ ಬಂದೇ ಇಲ್ವಲ್ಲ."

"ಬರುತ್ತೆ ಸಾರ್, ಕೂತ್ಕೊಳ್ಳಿ. ಈಗ ಯಾಕೆ ಹೋಗ್ತೀರ?"

"ಹೋಗ್ತಾ ಇಲ್ಲ ಮಾರಾಯಾ, ಅದಕ್ಕೇ ಹೋಗ್ತಾ ಇದೀನಿ!"

ಬಾಗಿಲಲ್ಲಿ ನಿಂತ ಹುಡುಗನ ತಪ್ಪೇನೂ ಇಲ್ಲ. ಅವನಿಗೆ ಹೇಳಿಕೊಟ್ಟಿರುವುದು ಇಷ್ಟೇ: ಟಿಕೆಟ್ ನೋಡು, ಗುರುತಿನ ಚೀಟಿ ನೋಡು, ಮುಖ ನೋಡು, ಒಳಗೆ ಬಿಡು. ಹೊರಗೆ ಬಿಡಬೇಕಾದರೆ ವಿಮಾನ ಕಂಪನಿಯವರು ಬರಬೇಕು. ಅವರು ಕಂಪ್ಯೂಟರಿನಲ್ಲಿ ಇವರ ಹೆಸರು ಇಳಿಸಬೇಕು. ವಿಮಾನ ಇನ್ನೂ ಬೆಂಗಳೂರು ಬಿಟ್ಟಿಲ್ಲ, ಇವರನ್ನು ಅದರಿಂದ ಇಳಿಸಿ ಆಯಿತು! ಠಸ್ಸೆ ಹೊಡೆದ ಪಾಸನ್ನು ರದ್ದು ಮಾಡಬೇಕು. ಬ್ಯಾಗು ಹುಡುಕಿ ತರಬೇಕು. ಕೊನೆಗೆ ಕಂಪನಿಯ ಒಬ್ಬರು ಬಾಗಿಲ ತನಕ ಬಂದು, ದಪ್ಪ ರಿಜಿಸ್ಟರಿನಲ್ಲಿ ಹೆಸರು, ನಂಬರು, ಹೊತ್ತು, ಸಹಿ, ಎಲ್ಲ ಬರೆಸಿ ಒಪ್ಪಿಸಬೇಕು. ಕಾರಣ ಎಂಬ ಕಾಲಂ ಬಂದಾಗ ರಾಯರು 'ಬೇಜಾರು' ಎಂದು ಬರೆದರು. ಅದು ನಡೆಯುವುದಿಲ್ಲವಂತೆ. 'ಮಂಜು' ಎಂದರು. ಮಂಜಿನಿಂದ ವಿಮಾನ ನಿಲ್ಲಬಹುದು, ಮನುಷ್ಯ ನಿಲ್ಲುವ ಹಾಗಿಲ್ಲ. ಕೊನೆಗೆ 'ವೈಯಕ್ತಿಕ' ಎಂದು ಬರೆಸಿದರು. ಅಡಕತ್ತರಿ? ಡಬ್ಬಕ್ಕೆ ಬಿದ್ದದ್ದು ಡಬ್ಬದ್ದೇ.

ಬ್ಯಾಗಿನ ವಿಷಯದಲ್ಲಿ ಮಾತ್ರ ನಾನು ನಗುವುದಿಲ್ಲ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಅಟ್ಲಾಂಟಿಕ್ ಸಮುದ್ರದ ಮೇಲೆ ಸ್ಫೋಟಗೊಂಡು 329 ಜನ ಸತ್ತರು. ಬ್ಯಾಗು ಹತ್ತಿಸಿದ ಮನುಷ್ಯ ತಾನು ಹತ್ತಿರಲಿಲ್ಲ. ಆಸಾಮಿ ಇಲ್ಲದ ಬ್ಯಾಗನ್ನು ವಿಮಾನದಲ್ಲಿ ಇಟ್ಟುಕೊಳ್ಳಬಾರದು ಎಂಬ ನಿಯಮ ಅಷ್ಟು ಬಿಗಿಯಾದದ್ದು ಆ ಸಾವುಗಳ ಮೇಲೆ. ಅದು ಇರಲೇಬೇಕು. ಆದರೆ ಆ ನಿಯಮ ಕೇಳುವುದು ಬ್ಯಾಗನ್ನು. ಬ್ಯಾಗು ಇಳಿದು, ಉಪ್ಪಿನಕಾಯಿ ಸಮೇತ ಆಸಾಮಿಯ ಕೈಗೆ ಬಂದ ಮೇಲೂ ಆಸಾಮಿ ಯಾಕೆ ಆರೋಪಿಯ ಹಾಗೆ ನಿಂತಿರಬೇಕು? ಕೈಚೀಲ ಒಂದೇ ಇಟ್ಟುಕೊಂಡು ಬಂದವನಿಗೂ ಅದೇ ಮೆರವಣಿಗೆ ಯಾಕೆ?

ಈಗ ಇದೇ ಕೆಲಸವನ್ನು ವಿಮಾನ ಮಾಡಿದರೆ ಹೇಗಿರುತ್ತದೆ ನೋಡಿ. ವಿಮಾನ ಮನಸ್ಸು ಬದಲಾಯಿಸಿದರೆ ಒಂದು ಎಸ್ಸೆಮ್ಮೆಸ್ ಬರುತ್ತದೆ, ಅಷ್ಟೆ. ರಿಜಿಸ್ಟರಿಲ್ಲ, ಸಹಿಯಿಲ್ಲ, ಜೊತೆಗೆ ಬಾಗಿಲ ತನಕ ಬರುವವರಿಲ್ಲ. ಕಾರಣದ ಕಾಲಮ್ಮಿನಲ್ಲಿ ಹವಾಮಾನ ಎಂದು ಬರೆದರೆ ಪರಿಹಾರವನ್ನೂ ಕೊಡಬೇಕಿಲ್ಲ. ಪ್ರಯಾಣಿಕ ಮನಸ್ಸು ಬದಲಾಯಿಸಿದರೆ ಟಿಕೆಟಿನ ದುಡ್ಡೂ ಹೋಯಿತು, ಮಾನವೂ ಹೋಯಿತು. ಹಾರದೇ ಉಳಿದವನಿಗೂ ತೆರಿಗೆ ಮತ್ತು ನಿಲ್ದಾಣದ ಶುಲ್ಕ ವಾಪಸ್ ಕೊಡಬೇಕೆಂದು ವಿಮಾನಯಾನದ ಮೇಲ್ವಿಚಾರಣೆ ನೋಡುವ ಡಿಜಿಸಿಎಯ ನಿಯಮವಿದೆ. ಅದನ್ನು ಕೇಳಿ ಪಡೆದವರು ಸಿಕ್ಕರೆ ಹೇಳಿ, ಹಾರ ಹಾಕೋಣ.

2024ರ ಜನವರಿಯಲ್ಲಿ ಮುಂಬೈಯಲ್ಲಿ ತಡವಾದ ವಿಮಾನದ ಪ್ರಯಾಣಿಕರು ವಿಮಾನದ ಪಕ್ಕದಲ್ಲೇ ನೆಲದ ಮೇಲೆ ಕೂತು ಊಟ ಮಾಡಿದ ವಿಡಿಯೊ ಎಲ್ಲರೂ ನೋಡಿದ್ದೇವೆ. ನಮ್ಮ ಕಡೆ ಸಮಾರಾಧನೆಯಲ್ಲಿ ಎರಡನೇ ಪಂಕ್ತಿಗೂ ಅಷ್ಟು ಜನ ಅಷ್ಟು ಒಗ್ಗಟ್ಟಿನಿಂದ ಕೂರುವುದಿಲ್ಲ. ದಂಡ ಕೋಟಿಯ ಲೆಕ್ಕದಲ್ಲಿ ಬಿತ್ತು. ಆಮೇಲೆ ವಿಮಾನಯಾನ ಭದ್ರತಾ ಇಲಾಖೆಗೆ ಜ್ಞಾನೋದಯವಾಗಿ, ವಿಮಾನ ಹತ್ತಿ ಕೂತವರನ್ನು ಬಹಳ ತಡವಾದರೆ ಇಳಿಸಿ, ನಿರ್ಗಮನದ ಬಾಗಿಲಿಂದಲೇ ಹೊರಗೆ ಬಿಡಬಹುದು ಎಂದು ಅದೇ ವರ್ಷ ಹೇಳಿತು. ಅಂದರೆ ಬಾಗಿಲು ಎರಡೂ ಕಡೆಗೆ ತೆರೆಯುತ್ತದೆ ಎಂದು ಕಂಡುಹಿಡಿಯಲು ನಮಗೆ 2024 ಬೇಕಾಯಿತು.

ಪ್ರೇಮಿಗಳದ್ದು ಬೇರೆಯೇ ಕತೆ. ಹುಡುಗಿಯನ್ನು ಗೇಟಿನ ತನಕ ಬಿಟ್ಟು ಬರಲೆಂದೇ ಟಿಕೆಟ್ ಹೊಂದಿಸಿಕೊಂಡು ಒಳಗೆ ಹೋಗಿ, ಹೊರಗೆ ಬರುವಾಗ ಸಿಕ್ಕಿಬಿದ್ದು ಕೇಸು ಹಾಕಿಸಿಕೊಂಡ ಹುಡುಗರ ಸುದ್ದಿ ಬೆಂಗಳೂರಿನಿಂದ ಆಗಾಗ ಬರುತ್ತದೆ. ಮಲೆನಾಡಿನಲ್ಲಿ ನೆಂಟರನ್ನು ಬೀಳ್ಕೊಡುವುದೇ ಒಂದು ಅರ್ಧ ದಿನದ ಕೆಲಸ. ಜಗಲಿಯಲ್ಲಿ ಒಂದು ಸಲ, ಅಂಗಳದಲ್ಲಿ ಒಂದು ಸಲ, ದಣಪೆ ಹತ್ತಿರ ಇನ್ನೊಂದು ಸಲ ಮಾತಾಗಬೇಕು. ಆ ಸಂಪ್ರದಾಯ ವಿಮಾನ ನಿಲ್ದಾಣಕ್ಕೆ ಬಂದರೆ ಶಿವಮೊಗ್ಗದ ಕೋರ್ಟಿಗೆ ಇನ್ನೊಂದು ಕಟ್ಟಡ ಬೇಕಾದೀತು.

ಹವಾಯಿ ಚಪ್ಪಲಿ ಹಾಕಿದವನೂ ವಿಮಾನದಲ್ಲಿ ಕಾಣಿಸಬೇಕು ಎಂದು, ಸಣ್ಣ ಊರುಗಳಿಗೂ ವಿಮಾನ ತರುವ ಉಡಾನ್ ಯೋಜನೆ ಶುರುವಾದಾಗ ಪ್ರಧಾನಿಯವರು ಹೇಳಿದ್ದರು. ಒಳ್ಳೆಯ ಮಾತು. ಅದೇ ಚಪ್ಪಲಿ ಹಾಕಿಕೊಂಡು ವಾಪಸ್ ನಡೆದು ಬರಬಹುದೋ ಇಲ್ಲವೋ ಎಂಬುದನ್ನು ಯಾವ ಯೋಜನೆಯೂ ಹೇಳಿಲ್ಲ. ಹಾಗಾಗಿ ನನ್ನದೊಂದು ಸಲಹೆ. ಕೆಲಸವನ್ನು ನಾಡಕಚೇರಿಗೆ ವಹಿಸಿಬಿಡಿ. ಜಾತಿ, ಆದಾಯ, ವಾಸಸ್ಥಳದ ಪ್ರಮಾಣಪತ್ರದ ಸಾಲಿನಲ್ಲಿ 'ಹಾರದೇ ಇರುವಿಕೆ ಪ್ರಮಾಣಪತ್ರ'ವೂ ಒಂದಿರಲಿ. ಸಕಾಲದಡಿ ಇಪ್ಪತ್ತೊಂದು ದಿನ. ಅಲ್ಲಿಯ ತನಕ ಅರ್ಜಿದಾರರು ಲೌಂಜಿನಲ್ಲೇ ಇರತಕ್ಕದ್ದು, ಸ್ಯಾಂಡ್‌ವಿಚ್ ಎರಡು ಗಂಟೆಗೊಮ್ಮೆ. ಗ್ರಾಮ ಆಡಳಿತಾಧಿಕಾರಿಗಳು ಸೋಗಾನೆಗೆ ಬಂದು ಸ್ಥಳ ಮಹಜರು ಮಾಡಿ, ಸದರಿ ವ್ಯಕ್ತಿಯ ಎರಡೂ ಕಾಲು ನೆಲದ ಮೇಲೆಯೇ ಇರುವುದನ್ನು ಖುದ್ದು ನೋಡಿ ವರದಿ ಕೊಡಲಿ. ಮಹಜರಿಗೆ ಇಬ್ಬರು ಸಾಕ್ಷಿಗಳು ಬೇಕು, ಆ ಸಾಕ್ಷಿಗಳೂ ಅವತ್ತು ಹಾರದವರೇ ಆಗಿರತಕ್ಕದ್ದು ಎಂದು ನಿಯಮದಲ್ಲಿ ಸೇರಿಸಿದರೂ ಅಡ್ಡಿಯಿಲ್ಲ. ಮಂಜು ಬಿದ್ದ ದಿನ ಅಂಥವರಿಗೆ ಅಲ್ಲಿ ಬರವಿಲ್ಲ.